ಭಾನುವಾರದ ಪಬ್ಬೂಟ

(ಲಂಡನ್ನಿನ ಕ್ಲರ್ಕನ್‌ವೆಲ್ ಬಡಾವಣೆಯ ಒಂದು ಮೂಲೆ ಪಬ್ಬು. ಭಾನುವಾರ, ಹನ್ನೆರಡು ದಾಟಿದೆ. ಇಲ್ಲೇ ನೆಲೆಸಿರುವ ಅಕ್ಕ, ಬೆಂಗಳೂರಿನಿಂದ ಬಂದಿರುವ ತಮ್ಮ.)

ತಮ್ಮ: ಮೆನು ಕಾರ್ಡ್ ಇಲ್ಲ, ಸಪ್ಲೈಯರ್ ಕಾಣ್ತಿಲ್ಲ, ಒಂದು ಕುರ್ಚಿ ಇದ್ದ ಹಾಗೆ ಇನ್ನೊಂದಿಲ್ಲ. ಇಂಥ ಕಡೆ ಕೂರೋಕೆ ಮುಂಚೆಯೇ ಟೇಬಲ್ ಹಿಡಿಯಬೇಕು ಅಂದರೆ ನಂಬೋದು ಹೇಗಕ್ಕ?

ಅಕ್ಕ: ಮೆನು ಗೋಡೆ ಮೇಲಿದೆ, ಕರಿಹಲಗೆ ನೋಡು. ಸಪ್ಲೈಯರ್ ಕೆಲಸ ಅರ್ಧ ನಿಂದೇ. ಕೌಂಟರಿಗೆ ಹೋಗಿ, ಟೇಬಲ್ ನಂಬರ್ ಹೇಳಿ, ದುಡ್ಡು ಕೊಟ್ಟು ಬರಬೇಕು. ಊಟ ಅವರು ತಂದಿಡ್ತಾರೆ, ಬಿಯರ್ ಮಾತ್ರ ನೀನೇ ಹಿಡ್ಕೊಂಡು ಬರಬೇಕು.

ತಮ್ಮ: ನಮ್ಮ ದರ್ಶಿನಿಯ ದೂರದ ನೆಂಟ ಅನ್ನು.

ಅಕ್ಕ: ನೆಂಟಸ್ತನ ಆಮೇಲೆ ನೋಡೋಣ. ಮೊದಲು ಇದರ ಊರು ಕೇರಿ ತಿಳ್ಕೋ. ಇಲ್ಲಿಂದ ನಡೆದೇ ಹೋಗಬಹುದು, ಫ್ಯಾರಿಂಗ್ಡನ್ ರಸ್ತೆಯಲ್ಲಿ ‘ದಿ ಈಗಲ್’ ಅಂತ ಒಂದು ಪಬ್ಬಿದೆ. 1991ರಲ್ಲಿ ಮೈಕೆಲ್ ಬೆಲ್ಬೆನ್, ಡೇವಿಡ್ ಐರ್ ಅನ್ನೋ ಇಬ್ಬರು ಅದನ್ನ ಹಿಡಿದರು. ಅವರಿಗೆ ಬೇಕಾಗಿದ್ದದ್ದು ರೆಸ್ಟೋರೆಂಟು. ರೆಸ್ಟೋರೆಂಟಿಗೆ ಬೇಕಾದಷ್ಟು ದುಡ್ಡಿರಲಿಲ್ಲ. ಕುಡಿತದ ಜಾಗ ಅಗ್ಗಕ್ಕೆ ಸಿಕ್ಕಿತು, ಅಲ್ಲೇ ಅಡುಗೆ ಶುರು ಮಾಡಿದರು. ಕೌಂಟರಿನ ಹಿಂದೆಯೇ ಒಲೆ, ಕೆಂಡದ ಗ್ರಿಲ್ಲು. ಹಳೇ ಸಾಮಾನಿನ ಮೇಜು ಕುರ್ಚಿ. ಮೇಜುಬಟ್ಟೆ ಇಲ್ಲ. ಗ್ಯಾಸ್ಟ್ರೋಪಬ್ ಅಂತ ಈಗ ಜಗತ್ತೆಲ್ಲ ಹೇಳೋದು ಶುರುವಾಗಿದ್ದು ಅಲ್ಲಿ. ನೀನು ಆಗಲೇ ಗೊಣಗಿದೆಯಲ್ಲ, ಜೋಡಿ ಇಲ್ಲದ ಕುರ್ಚಿ ಅಂತ. ಅವರ ಕೈಯಲ್ಲಿ ಕಾಸಿಲ್ಲದ್ದು ಆಮೇಲೆ ಬಂದವರಿಗೆಲ್ಲ ಫ್ಯಾಷನ್ ಆಯ್ತು. ಈಗ ಬೇಕಂತಲೇ ಹುಡುಕಿ ಹುಡುಕಿ ಬೇರೆ ಬೇರೆ ಕುರ್ಚಿ ಕೊಳ್ಳೋರಿದ್ದಾರೆ.

ತಮ್ಮ: ಪಬ್ಬು ಅಗ್ಗಕ್ಕೆ ಯಾಕೆ ಸಿಕ್ಕಿತು? ಇಂಗ್ಲೆಂಡಲ್ಲಿ ಪಬ್ಬು ಅಂದರೆ ಚಿನ್ನದ ಮೊಟ್ಟೆ ಅಂದುಕೊಂಡಿದ್ದೆ.

ಅಕ್ಕ: ಆ ಮೊಟ್ಟೆ ಇದ್ದದ್ದು ಬಿಯರ್ ಕಂಪನಿಗಳ ಬುಟ್ಟಿಯಲ್ಲಿ. ಬಾಸ್, ವಿಟ್‌ಬ್ರೆಡ್, ಕರೇಜ್ ಥರದ ಆರು ದೊಡ್ಡ ಕಂಪನಿಗಳು ದೇಶದ ತುಂಬ ಸಾವಿರಾರು ಪಬ್ಬುಗಳ ಮಾಲೀಕರು. ಪಬ್ಬು ನಡೆಸೋನು ಅವರ ಬಾಡಿಗೆದಾರ, ಅವರ ಬಿಯರನ್ನೇ ಮಾರಬೇಕು, ಅವರು ಹೇಳಿದ ಬೆಲೆಗೇ ಕೊಳ್ಳಬೇಕು. 1989ರಲ್ಲಿ ಏಕಸ್ವಾಮ್ಯ ಆಯೋಗ ಇದು ಗಿರಾಕಿಗೆ ಅನ್ಯಾಯ ಅಂತ ವರದಿ ಕೊಟ್ಟಿತು. ಥ್ಯಾಚರ್ ಸರ್ಕಾರ ಆದೇಶ ಹೊರಡಿಸಿತು: 2,000ಕ್ಕಿಂತ ಹೆಚ್ಚು ಪಬ್ಬು ಇರೋ ಕಂಪನಿ, ಆ ಹೆಚ್ಚುವರಿಯಲ್ಲಿ ಅರ್ಧದಷ್ಟನ್ನ 1992ರ ನವೆಂಬರ್ ಒಳಗೆ ತನ್ನ ಕಟ್ಟಿನಿಂದ ಬಿಡಬೇಕು. ಒಂದೇ ಸಲ ರಾಶಿ ಪಬ್ಬು ಮಾರುಕಟ್ಟೆಗೆ ಬಂತು. ಅದೇ ಹೊತ್ತಿಗೆ ಆರ್ಥಿಕ ಹಿಂಜರಿತ ಬೇರೆ.

ತಮ್ಮ: ಅಂದರೆ ನಿನ್ನ ಈ ಊಟದ ಮೂಲಪುರುಷ ಸರ್ಕಾರಿ ವರದಿ! ಅಂತೂ ವರದಿಯಿಂದ ಹೊಟ್ಟೆ ತುಂಬಿದ್ದು ಇದೇ ಮೊದಲು ಇರಬೇಕು.

ಅಕ್ಕ: ನಗು, ಆದರೆ ಪೂರ್ತಿ ಕೇಳಿ ನಗು. ಆ ಆದೇಶದಿಂದ ಪಬ್ಬುಗಳು ಸ್ವತಂತ್ರ ಆಗಲೇ ಇಲ್ಲ. ಬಿಯರ್ ತಯಾರಿಸದ, ಬರೀ ಕಟ್ಟಡ ಹಿಡಿದುಕೊಳ್ಳೋ ಹೊಸ ಕಂಪನಿಗಳು ಎದ್ದವು, ರಾಶಿಗಟ್ಟಲೆ ಕೊಂಡವು, ಹಳೇ ದಣಿಗಳಿಗಿಂತ ಬಿಗಿಯಾಗಿ ಬಾಡಿಗೆ ವಸೂಲಿ ಮಾಡಿದವು. 2003ರಲ್ಲಿ ಆ ಆದೇಶವನ್ನೇ ರದ್ದು ಮಾಡಿದರು. ನಡುವೆ ಕೆಲವು ವರ್ಷ ಬಾಗಿಲು ತೆರೆದಿತ್ತು, ಅಡುಗೆ ಬಲ್ಲ ಒಂದಷ್ಟು ಜನ ನುಗ್ಗಿಬಿಟ್ಟರು. ಅಷ್ಟೇ ಕಥೆ.

ತಮ್ಮ: ಅದಕ್ಕೆ ಮುಂಚೆ ಪಬ್ಬಲ್ಲಿ ಏನು ತಿಂತಿದ್ದರು?

ಅಕ್ಕ: ಚಿಪ್ಸ್ ಪೊಟ್ಟಣ. ಉಪ್ಪಿನಕಾಯಿ ಹಾಕಿದ ಮೊಟ್ಟೆ. ಬ್ರೆಡ್ಡು, ಚೀಸು, ಈರುಳ್ಳಿ. ಬಿಸಿ ಮಾಡಿ ಕೊಡೋ ಪೈ. ನಮ್ಮಲ್ಲಿ ‘ಬಾರ್ ಅಂಡ್ ರೆಸ್ಟೋರೆಂಟ್’ ಅಂತ ಬೋರ್ಡು ಹಾಕಿರ್ತಾರಲ್ಲ, ಅಲ್ಲಿ ಮಸಾಲೆ ಕಡಲೆಬೀಜ ಯಾಕೆ ಅಷ್ಟು ಉಪ್ಪು ಖಾರ? ಇನ್ನೊಂದು ಬಾಟಲಿ ಹೇಳಲಿ ಅಂತ. ಇಲ್ಲೂ ಅದೇ ಲೆಕ್ಕ ಇತ್ತು. ಈಗಲ್‌ನವರು ಮಾಡಿದ್ದು ಆ ಲೆಕ್ಕವನ್ನ ತಿರುಗಿಸಿದ್ದು. ಊಟಕ್ಕೆ ಅಂತಲೇ ಜನ ಬಂದರು, ಗ್ಲಾಸು ಊಟದ ಜೊತೆ ಬಂತು. ಮಸಾಲೆಯಲ್ಲಿ ನೆನೆಸಿದ ಗೋಮಾಂಸ ಇಟ್ಟ ಸ್ಯಾಂಡ್‌ವಿಚ್ ಒಂದಿದೆ, ‘ಬಿಫೆ ಆನಾ’ ಅಂತ ಪೋರ್ಚುಗೀಸ್ ಹೆಸರು, ಅದೊಂದು ಇವತ್ತಿಗೂ ಕರಿಹಲಗೆಯಿಂದ ಇಳಿದಿಲ್ಲ. ಉಳಿದದ್ದೆಲ್ಲ ದಿನಾ ಬದಲು. ಒಲೆ ಚಿಕ್ಕದು, ಇಡೋಕೆ ಜಾಗ ಕಡಿಮೆ, ಇವತ್ತು ತಂದದ್ದು ಇವತ್ತೇ ಖರ್ಚಾಗಬೇಕು. ಮುಗಿದರೆ ಸೀಮೆಸುಣ್ಣದ ಸಾಲು ಅಳಿಸೋದು.

ತಮ್ಮ: ಪಕ್ಕದವರಿಗೆ ಹೇಗೆ ಗೊತ್ತಾಯ್ತು?

ಅಕ್ಕ: ಆಗ ಅದೇ ರಸ್ತೆಯಲ್ಲಿ ‘ಗಾರ್ಡಿಯನ್’ ಪತ್ರಿಕೆ ಕಚೇರಿ, 2008ರ ತನಕ. ಪತ್ರಕರ್ತರು ಉಂಡ ಮನೆಯ ಬಗ್ಗೆ ಬರೆಯದೆ ಬಿಡ್ತಾರಾ? ಆಮೇಲೆ ಬೆಳೆದದ್ದೇ ಬೆಳೆದದ್ದು. 2001ರಲ್ಲಿ ಹೆರೆಫರ್ಡ್‌ಶೈರಿನ ಒಂದು ಹಳ್ಳಿ ಪಬ್ಬಿಗೆ, ‘ದಿ ಸ್ಟ್ಯಾಗ್ ಇನ್’ಗೆ, ಮಿಶೆಲಿನ್ ನಕ್ಷತ್ರ ಬಂತು, ಪಬ್ಬೊಂದಕ್ಕೆ ಅದು ಮೊದಲ ಸಲ. 2004ರಲ್ಲಿ ನ್ಯೂಯಾರ್ಕಿನಲ್ಲೂ ಇಂಥದ್ದೊಂದು ತೆರೆದು ಸಾಲುಗಟ್ಟಿ ನಿಲ್ಲೋ ಹಾಗಾಯ್ತು. ಬಾಡಿಗೆ ಕಟ್ಟೋಕೆ ಒದ್ದಾಡೋ ಪಬ್ಬುಗಳೆಲ್ಲ ಬೋರ್ಡು ಬದಲಾಯಿಸಿದವು. 2011ರ ಹೊತ್ತಿಗೆ ‘ಗುಡ್ ಫುಡ್ ಗೈಡ್’ ಅನ್ನೋ ಹಳೇ ಹೋಟೆಲ್ ಕೈಪಿಡಿ ಗ್ಯಾಸ್ಟ್ರೋಪಬ್ ಅನ್ನೋ ಹೆಸರನ್ನೇ ಬಳಸೋದು ಬಿಟ್ಟಿತು. ಸರಿ, ಎದ್ದು ಹೋಗಿ ಹೇಳಿ ಬಾ. ನನಗೆ ಬೀಫ್ ರೋಸ್ಟು.

ತಮ್ಮ: ನಾನು ಕೋಳಿಗೇ ನಿಲ್ತೀನಿ. ಈ ರೋಸ್ಟಿಗೆ ಯಾಕಿಷ್ಟು ನೂಕುನುಗ್ಗಲು?

ಅಕ್ಕ: ಯಾಕಂದರೆ ಇದು ಮನೆ ಅಡುಗೆ, ಮನೆಯಲ್ಲಿ ಮಾಡೋರು ಕಡಿಮೆಯಾದ ಅಡುಗೆ. ದೊಡ್ಡ ಮಾಂಸದ ತುಂಡನ್ನ ಬೆಳಗ್ಗೆಯೇ ಓವನ್ನಿಗೆ ಹಾಕ್ತಾರೆ. ಇಳಿಸಿದ ಮೇಲೆ ತಕ್ಷಣ ಕೊಯ್ಯೋ ಹಾಗಿಲ್ಲ, ಸುಮ್ಮನೆ ಇಡಬೇಕು, ಇಲ್ಲದಿದ್ದರೆ ರಸವೆಲ್ಲ ಹಲಗೆ ಮೇಲೆ ಹರಿದುಹೋಗುತ್ತೆ. ಆಲೂಗಡ್ಡೆಯನ್ನ ಅರ್ಧ ಬೇಯಿಸಿ, ಪಾತ್ರೆಯಲ್ಲೇ ಕುಲುಕಿ ಮೈ ತರಿತರಿ ಮಾಡಿ, ಕಾದ ಕೊಬ್ಬಿನಲ್ಲಿ ಉರುಳಿಸಿ ಓವನ್ನಿಗೆ. ಹೊರಗೆ ಗರಿಗರಿ, ಒಳಗೆ ಹಿಟ್ಟುಹಿಟ್ಟು. ಆಮೇಲೆ ಯಾರ್ಕ್‌ಷೈರ್ ಪುಡ್ಡಿಂಗು. ಹೆಸರು ಕೇಳಿ ಸಿಹಿ ಅಂದುಕೋಬೇಡ. ಮೊಟ್ಟೆ, ಮೈದಾ, ಹಾಲು ಕದಡಿದ ತೆಳು ಹಿಟ್ಟನ್ನ ಹೊಗೆಯಾಡೋ ಕೊಬ್ಬಿಗೆ ಸುರಿದರೆ ಬುಸ್ಸನೆ ಉಬ್ಬುತ್ತೆ. ಓವನ್ ಬಾಗಿಲು ನಡುವೆ ತೆಗೆದರೆ ಕುಸಿದು ಕೂತಿತು. ಅದರ ಗುಳಿಗೆ ಗ್ರೇವಿ ಹುಯ್ಕೊಳ್ಳೋದು. ಬೀಫಿಗಾದರೆ ಪಕ್ಕದಲ್ಲಿ ಹಾರ್ಸ್‌ರ‍್ಯಾಡಿಶ್, ಮೂಗಿಗೆ ಏರೋ ಬೇರು. ಒಬ್ಬರಿಗೆ ಇಷ್ಟೆಲ್ಲ ಮಾಡೋದಕ್ಕಾಗಲ್ಲ. ನೂರು ಜನಕ್ಕೆ ಒಟ್ಟಿಗೆ ಮಾಡಿದರೇ ಲೆಕ್ಕ ಸರಿಹೋಗೋದು. ಮಾಂಸ ಮುಗಿದರೆ ಮುಗೀತು, ಎರಡು ಗಂಟೆಗೆ ಬಂದೋರಿಗೆ ಕೋಳಿಯೂ ಇರಲ್ಲ ಒಂದೊಂದು ಸಲ.

ತಮ್ಮ: ಅಮ್ಮ ಬಂದಾಗ ಇಲ್ಲಿಗೆ ಕರ್ಕೊಂಡು ಬಂದಿದ್ದೆಯಂತೆ. ಊರಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದಾಳೆ.

ಅಕ್ಕ: ಅವಳು ಏನು ತಿಂದಳು ಅಂತ ಹೇಳಿದಳಾ? ‘ನನಗೆ ಮಾಂಸ ಗೀಂಸ ಬೇಡಮ್ಮ, ಒಂದೆರಡು ಆಲೂಗಡ್ಡೆ ಹಾಕಿಸು’ ಅಂದಳು. ಆಲೂಗಡ್ಡೆ ಹುರಿದಿದ್ದದ್ದು ದನದ ಕೊಬ್ಬಿನಲ್ಲಿ. ಪುಣ್ಯಕ್ಕೆ ಕೇಳಿ ನೋಡಿದೆ. ಪುಡ್ಡಿಂಗಿಗೂ ಅದೇ ಕೊಬ್ಬು, ಗ್ರೇವಿಗೆ ಮೂಳೆ ಬೇಯಿಸಿದ ನೀರು. ಸಸ್ಯಾಹಾರಿಗಳಿಗೆ ಅಂತ ಬೀಜಗಳನ್ನ ಅರೆದು ಬೇಯಿಸಿದ ಒಂದು ಗಟ್ಟಿ ಮಾಡ್ತಾರೆ, ನಟ್ ರೋಸ್ಟ್. ಅದಕ್ಕೆ ಬೇರೆ ತಟ್ಟೆ ಆಲೂಗಡ್ಡೆ, ಬೇರೆ ಗ್ರೇವಿ. ಅಮ್ಮ ತಿಂದು, ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಉದುರಿಸಿಕೊಂಡಳು. ಕೌಂಟರಿನ ಹುಡುಗ ಬಂದು ಅದೇನು ಅಂತ ಕೇಳಿ ತಾನೂ ರುಚಿ ನೋಡಿದ.

ತಮ್ಮ: ಇದೇ ಬ್ರಂಚಾ? ಬೆಂಗಳೂರಲ್ಲಿ ಭಾನುವಾರ ಬ್ರಂಚು ಅಂದರೆ ಸ್ಟಾರ್ ಹೋಟೆಲ್‌ಗಳಲ್ಲಿ ನೂರೆಂಟು ಬಗೆ, ಪೂರಿಯಿಂದ ಪಾಸ್ತಾ ತನಕ.

ಅಕ್ಕ: ಅಲ್ಲ ಕಣೋ, ಇದು ರೋಸ್ಟು. ಬ್ರಂಚು ಪಬ್ಬಿಗೆ ಆಮೇಲೆ ಬಂದು ಸೇರಿಕೊಂಡ ಮಗು. ಇಲ್ಲೇ ಹುಟ್ಟಿದ್ದು ಮಾತ್ರ ಹೌದು. 1895ರಲ್ಲಿ ಗೈ ಬೆರಿಂಜರ್ ಅನ್ನೋನು ‘ಹಂಟರ್ಸ್ ವೀಕ್ಲಿ’ ಅನ್ನೋ ಪತ್ರಿಕೆಯಲ್ಲಿ ಒಂದು ಲೇಖನ ಬರೆದ: ಚರ್ಚಿನಿಂದ ಬಂದು ಭಾರೀ ಊಟ ಮಾಡೋದು ಬಿಡಿ, ತಡವಾಗಿ ಎದ್ದು ತಿಂಡಿಯಿಂದ ಊಟಕ್ಕೆ ಜಾರಿಕೊಳ್ಳಿ. ಶನಿವಾರ ರಾತ್ರಿ ಕುಡಿದೋರಿಗೆ ಅನುಕೂಲ, ಮಾತುಕತೆಗೆ ಒಳ್ಳೇದು ಅಂತೆಲ್ಲ. ಅಮೆರಿಕದವರು ಅದನ್ನ ಹಿಡಿದುಕೊಂಡು ಬೆಳೆಸಿದರು. ಒಂದು ಶತಮಾನ ಆದಮೇಲೆ ಇಲ್ಲಿಗೆ ವಾಪಸ್ ಬಂತು, ಹಾಲಂಡೇಸ್ ಸಾಸು ಮೆತ್ತಿಕೊಂಡು.

ತಮ್ಮ: ನಿನಗೆ ಹಿಡಿಸಲ್ಲ ಅನ್ನೋದು ಧ್ವನಿಯಲ್ಲೇ ಗೊತ್ತಾಗ್ತಿದೆ. ಯಾಕೆ? ಜನ ಎದ್ದು ಬಂದು ಮೊಟ್ಟೆ ತಿಂದರೆ ನಿನಗೇನು ಕಷ್ಟ?

ಅಕ್ಕ: ಮೊಟ್ಟೆ ಬೇಯಿಸೋನ ಕಡೆಯಿಂದ ನೋಡು. ಶನಿವಾರ ರಾತ್ರಿ ಒಲೆ ಆರಿಸಿ, ಉಜ್ಜಿ, ಮನೆ ಸೇರೋದು ಒಂದು ಗಂಟೆ. ಭಾನುವಾರ ಎಂಟಕ್ಕೆ ಮತ್ತೆ ಅಡುಗೆಮನೆ. ಎಗ್ಸ್ ಬೆನೆಡಿಕ್ಟ್ ಅಂತಾರಲ್ಲ, ಬನ್ನಿನ ಮೇಲೆ ಹಂದಿ ಮಾಂಸದ ಹೋಳು, ನೀರಲ್ಲಿ ಬೇಯಿಸಿದ ಮೊಟ್ಟೆ, ಅದರ ಮೇಲೆ ಹಾಲಂಡೇಸ್. ಮೊಟ್ಟೆಯ ಹಳದಿಗೆ ಕರಗಿದ ಬೆಣ್ಣೆ ಹನಿಹನಿ ಬಿಟ್ಟು ಕಡೆದದ್ದು ಅದು. ಬಿಸಿ ಜಾಸ್ತಿಯಾದರೆ ಒಡೆಯುತ್ತೆ, ಕಡಿಮೆಯಾದರೆ ಗಟ್ಟಿಯಾಗುತ್ತೆ. ಉಗುರು ಬೆಚ್ಚಗೆ ಗಂಟೆಗಟ್ಟಲೆ ಇಟ್ಟರೆ ಕ್ರಿಮಿಗಳಿಗೆ ಹಬ್ಬ. ಶೆಫ್ ಆಂಥೊನಿ ಬೋರ್ಡೇನ್ 2000ದಲ್ಲಿ ಬರೆದ ‘ಕಿಚನ್ ಕಾನ್ಫಿಡೆನ್ಷಿಯಲ್’ನಲ್ಲಿ ಬ್ರಂಚಿನ ಗುಟ್ಟನ್ನ ರಟ್ಟು ಮಾಡಿದ. ಶುಕ್ರವಾರ ಶನಿವಾರ ಉಳಿದ ಚೂರುಪಾರು ಖರ್ಚು ಮಾಡೋಕೆ ಮಾಲೀಕರಿಗೆ ಅದು ಒಳ್ಳೇ ದಾರಿ, ಅಡುಗೆಯವರಿಗೆ ಶಿಕ್ಷೆ. ಮೊಟ್ಟೆ ಅಗ್ಗ, ಬ್ರೆಡ್ಡು ಅಗ್ಗ, ಬೆಲೆ ಮಾತ್ರ ಊಟದ್ದು.

ತಮ್ಮ: ರೋಸ್ಟಿಗೂ ಯಾರೋ ಬೆಳಗ್ಗೆ ಬಂದು ಓವನ್ ಹಚ್ಚಿದ್ದಾರೆ ತಾನೆ? ಅವರ ಭಾನುವಾರ ಭಾನುವಾರವಲ್ಲವಾ?

ಅಕ್ಕ: ಸರಿಯಾಗಿ ಹಿಡಿದೆ. ಯಾರ ಭಾನುವಾರವನ್ನ ಯಾರು ತಿಂತಾರೆ ಅನ್ನೋದು ಈ ದೇಶದಲ್ಲಿ ಹಳೇ ತಕರಾರು. ಮೊದಲನೇ ಮಹಾಯುದ್ಧದ ಕಾಲದಲ್ಲಿ, ಮದ್ದುಗುಂಡು ಕಾರ್ಖಾನೆಯವರು ಕುಡಿದು ಕೆಲಸ ಕೆಡಿಸಬಾರದು ಅಂತ ಪಬ್ಬುಗಳನ್ನ ಮಧ್ಯಾಹ್ನ ಮುಚ್ಚಿಸೋಕೆ ಶುರು ಮಾಡಿದರು. ವಾರದ ದಿನಗಳಲ್ಲಿ ಆ ನಿಯಮ ಹೋಗಿದ್ದು 1988ರಲ್ಲಿ, ಭಾನುವಾರಕ್ಕೆ 1995ರಲ್ಲಿ. ಅಲ್ಲೀತನಕ ಭಾನುವಾರ ಹನ್ನೆರಡಕ್ಕೆ ಬಾಗಿಲು ತೆಗೆದರೆ ಎರಡಕ್ಕೋ ಮೂರಕ್ಕೋ ಬಂದ್, ಮತ್ತೆ ತೆರೆಯೋದು ಏಳಕ್ಕೆ. ಆ ಎರಡು ಮೂರು ಗಂಟೆ ಗಂಡ ಪಬ್ಬಿನಲ್ಲಿ, ಹೆಂಡತಿ ಓವನ್ ಮುಂದೆ. ಅವನು ಬರೋ ಹೊತ್ತಿಗೆ ರೋಸ್ಟು ಮೇಜಿನ ಮೇಲಿರಬೇಕು. ಪಬ್ಬೇ ರೋಸ್ಟು ಬಡಿಸೋಕೆ ಶುರು ಮಾಡಿದ ಮೇಲೆ ಆ ಹೆಂಗಸು ಮಕ್ಕಳ ಜೊತೆ ಇಲ್ಲಿಗೇ ಬಂದು ಕೂತಳು. ಸುತ್ತ ನೋಡು, ಎಷ್ಟು ಮಕ್ಕಳಿವೆ.

ತಮ್ಮ: ಆದರೆ ಅಕ್ಕ, ಪಬ್ಬು ಹೋಟೆಲ್ ಆಗಿಬಿಡ್ತು ಅಂತ ಹಳಬರು ಗೊಣಗೋದರಲ್ಲೂ ಅರ್ಥ ಇದೆ ಅನ್ಸುತ್ತೆ. ಆ ಮುದುಕಪ್ಪ ನೋಡು, ಪೇಪರ್ ಹಿಡ್ಕೊಂಡು ಅರ್ಧ ಪಿಂಟ್ ಇಟ್ಕೊಂಡು ಕೌಂಟರ್ ಸ್ಟೂಲಿನ ಮೇಲೆ. ಅವನು ಊಟ ಮಾಡಲ್ಲ. ಇಡೀ ಪಬ್ಬು ಅವನದ್ದಾಗಿತ್ತು, ಈಗ ಉಳಿದದ್ದು ಒಂದು ಸ್ಟೂಲು.

ಅಕ್ಕ: ಅವನ ಪರ ನಾನೂ ಇದೀನಿ. ಆದರೆ ಆ ಸ್ಟೂಲಿನ ಚರಿತ್ರೆ ಗೊತ್ತಾ? ಇಲ್ಲಿಂದ ಸ್ವಲ್ಪ ದೂರ, ಫ್ಲೀಟ್ ಸ್ಟ್ರೀಟಿನಲ್ಲಿ ಪತ್ರಕರ್ತರು, ವಕೀಲರು ಸೇರೋ ‘ಎಲ್ ವೀನೊ’ ಅನ್ನೋ ವೈನ್ ಬಾರಲ್ಲಿ ಹೆಂಗಸರಿಗೆ ಕೌಂಟರಿನಲ್ಲಿ ಕೊಡ್ತಿರಲಿಲ್ಲ. ಹಿಂದಿನ ಕೋಣೆಗೆ ಹೋಗಿ ಕೂತರೆ ತಂದುಕೊಡ್ತಿದ್ದರು. ಇಬ್ಬರು ಹೆಂಗಸರು, ಒಬ್ಬಳು ವಕೀಲೆ, ಒಬ್ಬಳು ಪತ್ರಕರ್ತೆ, ಕೋರ್ಟಿಗೆ ಹೋದರು. ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟದ್ದು 1982ರಲ್ಲಿ. ನೆನಪಿರಲಿ, 1982. ಆಗ ಈ ದೇಶಕ್ಕೆ ಹೆಂಗಸೇ ಪ್ರಧಾನಿ. ನಮ್ಮೂರ ಬಾರಲ್ಲಿ ‘ಫ್ಯಾಮಿಲಿ ರೂಮ್’ ಅಂತ ಪರದೆ ಎಳೆದಿರ್ತಾರಲ್ಲ, ಅದರ ಇಂಗ್ಲಿಷ್ ಅಣ್ಣ ಅದು. ನಾನು ಈ ಊರಿಗೆ ಬಂದ ಹೊಸದರಲ್ಲಿ ಕೆಲಸ ಮುಗಿಸಿ ಒಬ್ಬಳೇ ಹೋಗಿ ಕೂತು ಬಿಸಿ ಊಟ ಮಾಡೋಕಾದದ್ದು ಇಂಥ ಪಬ್ಬಲ್ಲೇ. ಯಾರೂ ತಿರುಗಿ ನೋಡಲಿಲ್ಲ. ಬರೀ ಕುಡಿಯೋ ಪಬ್ಬಾಗಿದ್ದರೆ ನಾನು ಬಾಗಿಲು ತಳ್ಳುತ್ತಿರಲಿಲ್ಲ. ಅದಕ್ಕೇ ಪಬ್ಬಿಗೆ ಊಟ ಬಂದದ್ದನ್ನ ನಾನು ಹಳಿಯಲಾರೆ.

ತಮ್ಮ: ಹಾಗಾದರೆ ಬ್ರಂಚನ್ನ ಮಾತ್ರ ಯಾಕೆ ಹಳೀತೀಯ? ಅದರಿಂದಲೂ ಹೆಂಗಸರು ಮಕ್ಕಳು ಬರ್ತಾರೆ.

ಅಕ್ಕ: ಗಡಿಯಾರ ನೋಡಿಕೊಂಡು ಬರ್ತಾರೆ. ‘ಬಾಟಮ್‌ಲೆಸ್ ಬ್ರಂಚ್’ ಅಂತ ಬೋರ್ಡು ನೋಡಿದೀಯಲ್ಲ. ಇಷ್ಟು ಪೌಂಡ್ ಕೊಡಿ, ಒಂದೂವರೆ ಗಂಟೆ, ಎಷ್ಟಾದರೂ ಪ್ರೊಸೆಕೊ ವೈನು. ಹೊತ್ತು ಮುಗಿದ ತಕ್ಷಣ ಎಬ್ಬಿಸ್ತಾರೆ, ಮುಂದಿನ ತಂಡ ಬಾಗಿಲಲ್ಲಿ ನಿಂತಿರುತ್ತೆ. ಸ್ಟೂಲುಗಳೂ ಬುಕಿಂಗಿಗೆ ಸೇರುತ್ವೆ. ಆ ಮುದುಕಪ್ಪನಿಗೆ ಜಾಗ ಇರಲ್ಲ, ಒಬ್ಬಳೇ ಹೋದ ನನಗೂ ಇರಲ್ಲ, ಯಾಕಂದರೆ ಒಬ್ಬರಿಗೆ ಟೇಬಲ್ ಕೊಟ್ಟರೆ ಅವರಿಗೆ ನಷ್ಟ. ಸ್ಕಾಟ್ಲೆಂಡಿನವರು ಬುದ್ಧಿವಂತರು. ಒಂದೇ ಬೆಲೆಗೆ ಎಷ್ಟಾದರೂ ಮದ್ಯ ಕೊಡೋದನ್ನ 2005ರ ಪರವಾನಗಿ ಕಾಯ್ದೆಯಲ್ಲೇ ನಿಷೇಧಿಸಿದರು.

ತಮ್ಮ: ಬೆಳಗ್ಗೆ ಬೆಳಗ್ಗೆ ಕುಡಿಯೋದೇ ನನಗೆ ಒಂಥರ ಅನ್ಸುತ್ತೆ, ನಿಜ ಹೇಳ್ತೀನಿ.

ಅಕ್ಕ: ಅದಕ್ಕೆ ಇಲ್ಲಿ ಮರ್ಯಾದೆಯ ಇತಿಹಾಸವೇ ಇದೆ. ಇಲ್ಲೇ ಹತ್ತಿರ ಸ್ಮಿತ್‌ಫೀಲ್ಡ್, 800 ವರ್ಷಕ್ಕೂ ಹಳೇ ಮಾಂಸದ ಮಾರುಕಟ್ಟೆ. ವ್ಯಾಪಾರ ನಡೆಯೋದು ಮಧ್ಯರಾತ್ರಿ ಕಳೆದ ಮೇಲೆ. ರಾತ್ರಿಯೆಲ್ಲ ಹೆಗಲ ಮೇಲೆ ಮಾಂಸ ಹೊತ್ತವನಿಗೆ ಬೆಳಗ್ಗೆ ಏಳು ಅಂದರೆ ಸಂಜೆ. ಅವರಿಗಾಗಿ ಸುತ್ತಲ ಕೆಲವು ಪಬ್ಬುಗಳಿಗೆ ವಿಶೇಷ ಪರವಾನಗಿ ಇತ್ತು. ಚಾರ್ಟರ್‌ಹೌಸ್ ಸ್ಟ್ರೀಟಿನ ‘ಫಾಕ್ಸ್ ಅಂಡ್ ಆಂಕರ್’ನಲ್ಲಿ ಬೆಳಗ್ಗೆ ಮೊಟ್ಟೆ, ಸಾಸೇಜು, ಬೇಕನ್ನಿನ ಜೊತೆ ಒಂದು ಪಿಂಟ್ ಕಪ್ಪು ಬಿಯರ್. ಬೆರಿಂಜರ್ ಬರೆದದ್ದು ಮಲಗಿ ಎದ್ದವರಿಗೆ, ಇದು ಮಲಗೋಕೆ ಹೊರಟವರಿಗೆ. ಪಬ್ಬಿನ ಬ್ರಂಚಿಗೆ ಅಜ್ಜ ಯಾರು ಅಂತ ಕೇಳಿದರೆ ನಾನು ಆ ಕೂಲಿಯವನನ್ನೇ ತೋರಿಸೋದು.

ತಮ್ಮ: ಹಾಗೆ ಹೇಳಿದರೆ ನಮ್ಮಲ್ಲೂ ಇದೆ. ಮಿಲಿಟರಿ ಹೋಟೆಲ್! ಭಾನುವಾರ ಬೆಳಗ್ಗೆ ಹೋಗಿ ನೋಡು. ಇಡ್ಲಿ ಜೊತೆ ಖೈಮಾ, ಕಾಲ್ ಸೂಪು, ಹತ್ತೂವರೆ ಅನ್ನೋ ಹೊತ್ತಿಗೆ ದೊನ್ನೆ ಬಿರಿಯಾನಿ. ತಿಂಡಿಯೋ ಊಟವೋ ಯಾರೂ ಕೇಳಲ್ಲ. ಚಪ್ಪಲಿ ಅಂಗಡಿಯವನೂ ಕಾರಲ್ಲಿ ಬಂದವನೂ ಒಂದೇ ಬೆಂಚು. ಸೊಂಟಕ್ಕೆ ಟವಲ್ಲು ಕಟ್ಟಿಕೊಂಡವನು ಎದುರು ನಿಂತು, ಹೆಸರು ಗೊತ್ತಿದ್ದರೆ ಹೆಸರು ಹಿಡಿದು ಕೂಗಿ, ‘ಇನ್ನೊಂದು ಚೂರು ಸಾರು?’ ಅಂತಾನೆ. ಕುಡಿತ ಮಾತ್ರ ಇಲ್ಲ. ನಮ್ಮಲ್ಲಿ ಉಣ್ಣೋ ಮನೆ ಬೇರೆ, ಕುಡಿಯೋ ಮನೆ ಬೇರೆ ಆಗಿಯೇ ಉಳೀತು. ಎರಡನ್ನೂ ಒಂದು ಮಾಡಿದ್ದು ಈಚೆಗೆ. 2010ರಲ್ಲಿ ಇಂದಿರಾನಗರದಲ್ಲಿ ‘ಟಾಯ್ಟ್’ ಬಂತು, ಬಿಯರನ್ನ ಅಲ್ಲೇ ತಯಾರಿಸಿ ಅಲ್ಲೇ ಬಡಿಸೋದು. 2012ರಲ್ಲಿ ಶೆಫ್ ಮನು ಚಂದ್ರ ಅವರ ‘ಮಂಕಿ ಬಾರ್’, ತನ್ನನ್ನ ಗ್ಯಾಸ್ಟ್ರೋಪಬ್ ಅಂತಲೇ ಕರ್ಕೊಂಡಿತು. ಊಟ ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ನೆರೆಹೊರೆಯ ಪಬ್ಬು ಅನ್ನೋಕೆ ನೆರೆಹೊರೆ ಎಲ್ಲಿತ್ತು? ಇಂದಿರಾನಗರದ ಮನೆಯವರು ಗಲಾಟೆಗೆ, ಪಾರ್ಕಿಂಗಿಗೆ ರೋಸಿ ಪೊಲೀಸರಿಗೆ ದೂರು ಕೊಡ್ತಾರೆ. ಕೂತು ಕುಡಿಯೋರು ಊರಾಚೆಯಿಂದ ಕ್ಯಾಬಲ್ಲಿ ಬಂದೋರು.

ಅಕ್ಕ: ಅದೇ ನಾನು ಹೇಳ್ತಿರೋದು. ಅಡುಗೆ ಕಲಿಯಬಹುದು, ಕರಿಹಲಗೆ ತೂಗುಹಾಕಬಹುದು. ಪಕ್ಕದ ಬೀದಿಯವನು ಚಪ್ಪಲಿ ಹಾಕ್ಕೊಂಡು ನಡೆದು ಬಂದು ಅರ್ಧ ಪಿಂಟ್ ಹೇಳಿ ಒಂದು ಗಂಟೆ ಕೂರೋಕಾಗದೆ ಇದ್ದರೆ ಅದು ಬರೀ ರೆಸ್ಟೋರೆಂಟು, ಬಿಯರ್ ಚೆನ್ನಾಗಿರೋ ರೆಸ್ಟೋರೆಂಟು. ಲಂಡನ್ನಿನಲ್ಲೂ ಅಂಥವೇ ಜಾಸ್ತಿ ಆಗ್ತಿವೆ.

ತಮ್ಮ: ನ್ಯಾಯವಾಗಿ ಹೇಳು. ಊಟದ ವ್ಯಾಪಾರ ಇಲ್ಲದಿದ್ದರೆ ಈ ಪಬ್ಬು ಇವತ್ತು ಫ್ಲಾಟು ಆಗಿರ್ತಿತ್ತು. ಆ ಮುದುಕಪ್ಪನ ಅರ್ಧ ಪಿಂಟಿನಿಂದ ಬಾಡಿಗೆ ಹುಟ್ಟಲ್ಲ. ಬ್ರಂಚಿನ ದುಡ್ಡೂ ಅವನ ಸ್ಟೂಲನ್ನ ಉಳಿಸಿರಬಹುದು.

ಅಕ್ಕ: ಇರಬಹುದು. ಶನಿವಾರ ಬ್ರಂಚು, ಭಾನುವಾರ ರೋಸ್ಟು, ಉಳಿದ ದಿನ ಪಬ್ಬು ಅಂತ ಹಂಚಿಕೊಂಡಿರೋ ಜಾಗಗಳೂ ಇವೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಮೂರು ಸ್ಟೂಲು ಬುಕಿಂಗಿಗೆ ಕೊಡದೆ ಉಳಿಸಲಿ, ಸಾಕು. ಈ ಮಾಲೀಕಳು ಹಾಗೆ ಮಾಡ್ತಾಳೆ, ಅದಕ್ಕೇ ನಾನು ಇಲ್ಲಿಗೆ ಬರೋದು. ಊಟ ಇದಕ್ಕಿಂತ ಚೆನ್ನಾಗಿರೋ ಪಬ್ಬು ಎರಡು ಬೀದಿ ಆಚೆ ಇದೆ.

ತಮ್ಮ: ಊರಿಗೆ ಹೋದಮೇಲೆ ಲಂಡನ್ನಿಗೆ ಹೊರಟ ಸ್ನೇಹಿತರು ಕೇಳ್ತಾರೆ, ಎಲ್ಲಿ ತಿನ್ನಬೇಕು ಅಂತ. ಏನು ಹೇಳಲಿ?

ಅಕ್ಕ: ಬಾಟಮ್‌ಲೆಸ್ ಬೋರ್ಡು ಇದ್ದರೆ ಮುಂದೆ ನಡೀರಿ ಅನ್ನು. ಹಲಗೆಯಲ್ಲಿ ಹತ್ತಕ್ಕಿಂತ ಹೆಚ್ಚು ಸಾಲು ಇದ್ದರೆ ಅನುಮಾನಪಡಿ ಅನ್ನು. ಭಾನುವಾರ ಒಂದು ಗಂಟೆಯೊಳಗೆ ಹೋಗಲಿ, ಇಬ್ಬರಿಗಿಂತ ಹೆಚ್ಚಿದ್ದರೆ ವಾರ ಮುಂಚೆ ಹೇಳಿಡಲಿ. ಸಸ್ಯಾಹಾರಿಗಳು ಆಲೂಗಡ್ಡೆ ಯಾವ ಕೊಬ್ಬಿನಲ್ಲಿ ಹುರಿದದ್ದು ಅಂತ ಕೌಂಟರಿನಲ್ಲೇ ಕೇಳಲಿ, ನಾಚಿಕೆ ಬೇಡ, ದಿನಾ ಹತ್ತು ಜನ ಕೇಳ್ತಾರೆ. ಮತ್ತೆ, ಕೌಂಟರಿನಲ್ಲಿ ದುಡ್ಡು ಕೊಟ್ಟು ತಗೊಳ್ಳೋ ಕಡೆ ಟಿಪ್ಸ್ ಕೊಡಬೇಕಾಗಿಲ್ಲ.